ಎಡೆದೊರೆಯ ಕೋಟೆ, ಅವ್ವನ ಹಗೇವು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನೆಲವನ್ನು ಪಾರಸಿ ಚರಿತ್ರೆಕಾರರು ‘ದೋಆಬ್’ ಎಂದು ಕರೆದರು. ಎರಡು ನೀರುಗಳ ನಾಡು ಎಂದು ಅದರ ಅರ್ಥ. ಅವರಿಗಿಂತ ಕೆಲವು ಶತಮಾನಗಳ ಮೊದಲೇ ಕನ್ನಡ ಶಾಸನಗಳಲ್ಲಿ ಈ ನೆಲಕ್ಕೆ ‘ಎಡೆದೊರೆ’ ಎಂಬ ಹೆಸರಿತ್ತು. ಎಡೆ ಎಂದರೆ ನಡು, ತೊರೆ ಎಂದರೆ ಹೊಳೆ. ರಾಜೇಂದ್ರ ಚೋಳನು ಗೆದ್ದ ನಾಡುಗಳನ್ನು ಹೇಳುವ ತಮಿಳು ಶಾಸನಗಳಲ್ಲಿ ಬನವಾಸಿ, ಮಾನ್ಯಖೇಟಗಳ ಜೊತೆಯಲ್ಲಿ ಕಾಣಿಸಿಕೊಳ್ಳುವ ‘ಇಡೈತುರೈನಾಡು’ ಕೂಡ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ತರಗತಿಯಲ್ಲಿ ಈ ಪದವನ್ನು ಬಿಡಿಸಿ ತೋರಿಸುವಾಗ, ತೊರೆ ಸಂಧಿಯಲ್ಲಿ ‘ದೊರೆ’ಯಾಗುವುದನ್ನು ಕಂಡ ವಿದ್ಯಾರ್ಥಿಗಳಲ್ಲಿ ಯಾರಾದರೊಬ್ಬರು ‘ನಡುವೆ ಸಿಕ್ಕಿಕೊಂಡ ದೊರೆ’ ಎಂದು ಅರ್ಥ ಹೇಳಿ ನಗಿಸುವುದುಂಟು. ವ್ಯಾಕರಣಕ್ಕೆ ಇದು ಒಗ್ಗದು. ಆದರೆ ಚರಿತ್ರೆಗೆ ತೀರ ಹೊರತೂ ಅಲ್ಲ.

ಚಾಲುಕ್ಯರು, ಚೋಳರು, ಕಾಕತೀಯರು, ಬಹಮನಿ ಸುಲ್ತಾನರು, ವಿಜಯನಗರದ ಅರಸರು, ಬಿಜಾಪುರದ ಆದಿಲಶಾಹಿಗಳು, ಮೊಗಲರು, ಹೈದರಾಬಾದಿನ ನಿಜಾಮರು, ಇವರೆಲ್ಲರೂ ಈ ನಡುನಾಡನ್ನು ತಮ್ಮದೆಂದರು. 1853ರಲ್ಲಿ ನಿಜಾಮನು ಸಾಲದ ಬಾಬ್ತಿಗೆ ಬೀರಾರ ಮತ್ತು ಧಾರಾಶಿವಗಳೊಡನೆ ರಾಯಚೂರು ದೋಆಬನ್ನೂ ಕಂಪನಿ ಸರಕಾರದ ವಶಕ್ಕೆ ಒಪ್ಪಿಸಿದನು. 1860ರಲ್ಲಿ ಅದು ಮರಳಿ ನಿಜಾಮನ ಕೈಸೇರಿತು. 1948ರ ಸೆಪ್ಟೆಂಬರ್ 17ರಂದು ಹೈದರಾಬಾದು ಭಾರತ ಒಕ್ಕೂಟಕ್ಕೆ ಶರಣಾಯಿತು. 1956ರ ನವೆಂಬರ್ 1ರಿಂದ ನಾವು ಮೈಸೂರು ರಾಜ್ಯದವರಾದೆವು. ಒಂದೇ ಅಂಗಳವನ್ನು ಇಷ್ಟು ಜನ ದೊರೆಗಳು ದಾಟಿ ಹೋಗಿದ್ದಾರೆ.

ಈ ದಾಟುವಿಕೆಗೆ ಆಧಾರಗಳೆಂದು ನಾವು ಶಾಸನ, ನಾಣ್ಯ, ತವಾರೀಖು, ಪ್ರವಾಸಿಗರ ಬರಹ ಮುಂತಾದವನ್ನು ಎಣಿಸುತ್ತೇವೆ. ಸಂಸಾರ ನಡೆಯುತ್ತಿದ್ದ ಮನೆಯನ್ನು ಆಧಾರವೆಂದು ಎಣಿಸುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ. ನನ್ನ ತಾಯಿ ಮಾನ್ವಿಯಲ್ಲಿ ಅರುವತ್ತು ವರ್ಷಕ್ಕೂ ಮಿಕ್ಕಿ ನಡೆಸಿದ ಮನೆಯೊಂದನ್ನು ಅಂತಹ ಆಧಾರವಾಗಿ ಓದಲು ಇಲ್ಲಿ ಪ್ರಯತ್ನಿಸಿದ್ದೇನೆ. ಅವಳೊಡನೆ ರಾಯಚೂರಿನಲ್ಲಿ ಕಳೆದ ಎರಡು ದಿನಗಳು ಈ ಓದಿಗೆ ದಾರಿ ತೋರಿಸಿದವು.

ಅವ್ವ ಹುಟ್ಟಿದ್ದು 1939ರಲ್ಲಿ, ದೇವದುರ್ಗ ತಾಲೂಕಿನಲ್ಲಿ ಗಬ್ಬೂರಿನ ಆಸುಪಾಸಿನ ಒಂದು ಹಳ್ಳಿಯಲ್ಲಿ. ಶಾಲೆಗೆ ಹೋದದ್ದು ಎರಡು ವರ್ಷ. ಉರ್ದು ಮಾಧ್ಯಮದಲ್ಲಿ ಓದಿದ್ದ ನನ್ನ ತಂದೆಯವರನ್ನು ಮದುವೆಯಾಗಿ ಮಾನ್ವಿಗೆ ಬಂದಾಗ ಅವಳಿಗೆ ಹದಿನೇಳು ನಡೆಯುತ್ತಿತ್ತು. ಮಣ್ಣಿನ ಮಾಳಿಗೆಯ ಮನೆ; ದನದ ಕೊಟ್ಟಿಗೆ ದಾಟಿದರೆ ಪಡಸಾಲೆ, ಪಡಸಾಲೆ ದಾಟಿದರೆ ಕತ್ತಲೆಯ ಅಡುಗೆಮನೆ. ಪಡಸಾಲೆಯ ನೆಲದಲ್ಲಿ, ಚಾಪೆಯ ಕೆಳಗೆ, ಒಂದು ದುಂಡು ಕಲ್ಲಿತ್ತು. ಅದು ಹಗೇವಿನ ಬಾಯಿ.

ಈಗಿನ ಓದುಗರಿಗೆ ಹಗೇವನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ನೆಲದೊಳಗೆ ಕೊಡದ ಆಕಾರದಲ್ಲಿ ತೋಡಿದ ಕಣಜವದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಒಳಗೋಡೆಗೆ ಒಣಹುಲ್ಲನ್ನೂ ಜೋಳದ ದಂಟನ್ನೂ ಒತ್ತಾಗಿ ಹೊಂದಿಸಿ, ಸುಗ್ಗಿಯ ಜೋಳವನ್ನು ಬಿಸಿಲಿಗೆ ಒಣಗಿಸಿ ತುಂಬುತ್ತಿದ್ದರು. ಬಾಯಿಗೆ ಕಲ್ಲು ಮುಚ್ಚಿ, ಸುತ್ತ ಮಣ್ಣು ಮೆತ್ತಿ, ಮೇಲೆ ಸಗಣಿಯಿಂದ ಸಾರಿಸಿಬಿಟ್ಟರೆ ಒಳಗೆ ಗಾಳಿಯಾಡದು, ಹುಳ ಬೀಳದು. ಬಿಜಾಪುರದಿಂದ ಬಳ್ಳಾರಿಯವರೆಗೆ ಕರಿಮಣ್ಣಿನ ಒಣಸೀಮೆಯಲ್ಲೆಲ್ಲ ಈ ಪದ್ಧತಿ ಇತ್ತು. ಬಾಯಿ ತೆರೆದ ಕೂಡಲೇ ಒಳಗೆ ಇಳಿಯಬಾರದು. ಕೆಟ್ಟ ಗಾಳಿಗೆ ಜೀವ ಹೋಗುತ್ತದೆ. ಅವ್ವ ಅರ್ಧ ದಿನ ಬಾಯಿ ತೆರೆದಿಟ್ಟು, ಬಳಿಕ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದಳು. ದೀಪ ಆರದೆ ತಳ ಮುಟ್ಟಿದರೆ ಮಾತ್ರ ಆಳು ಇಳಿಯಬೇಕು. ಉರಿಯುವುದಕ್ಕೂ ಉಸಿರಾಟಕ್ಕೂ ಇರುವ ನಂಟನ್ನು ವಿಜ್ಞಾನದ ಪುಸ್ತಕದಲ್ಲಿ ಓದುವ ಮೊದಲೇ ನಾನು ಪಡಸಾಲೆಯಲ್ಲಿ ಕಂಡಿದ್ದೆ.

ಹಗೇವಿನ ಜೋಳಕ್ಕೆ ಒಂದು ಬಗೆಯ ಮುಗ್ಗು ವಾಸನೆ ಇರುತ್ತದೆ. ಹೊಸ ಜೋಳದ ರೊಟ್ಟಿ ತಿಂದವರಿಗೆ ಅದು ಹಿಡಿಸದು. ನಮ್ಮ ಮನೆಯಲ್ಲಿ ಹೊಸ ಜೋಳ ಬಂದ ವರ್ಷವೂ ಅವ್ವ ಮೊದಲು ಹಳೆಯದನ್ನೇ ಖರ್ಚು ಮಾಡಿಸುತ್ತಿದ್ದಳು. ಹೀಗಾಗಿ ಎಳ್ಳಮಾಸೆಯ ಚರಗದ ದಿನ ಒಂದನ್ನು ಬಿಟ್ಟರೆ ಹೊಸ ಜೋಳದ ರುಚಿ ನಮಗೆ ದೊರೆಯುತ್ತಿದ್ದದ್ದು ಅಪರೂಪ. ಸುಗ್ಗಿಯ ರಾಶಿ ಮನೆಗೆ ಬಂದಾಗ ಅವಳು ಮೂರು ಪಾಲು ಮಾಡುತ್ತಿದ್ದಳು: ಉಣ್ಣುವ ಪಾಲು, ಬಿತ್ತುವ ಪಾಲು, ಮುಟ್ಟದ ಪಾಲು. ಮುಟ್ಟದ ಪಾಲು ಏಕೆಂದು ಯಾರೂ ಕೇಳುತ್ತಿರಲಿಲ್ಲ. 1876ರಿಂದ 78ರವರೆಗಿನ ಮಹಾಕ್ಷಾಮ ಬಳ್ಳಾರಿ, ಕರ್ನೂಲುಗಳನ್ನೂ ಹೈದರಾಬಾದ್ ಸಂಸ್ಥಾನದ ಈ ಭಾಗಗಳನ್ನೂ ಹಿಂಡಿಹಾಕಿತ್ತು. ಜನ ಅದನ್ನು ಸಂವತ್ಸರಗಳ ಹೆಸರಿನಲ್ಲಿ ಧಾತು-ಈಶ್ವರ ಬರವೆಂದು ನೆನಪಿಟ್ಟುಕೊಂಡರು. ಅವ್ವನ ಅಜ್ಜಿಯ ತಾಯಿ ಆ ಬರವನ್ನು ಕಂಡವಳು. ಅವಳಿಂದ ನಾಲ್ಕು ತಲೆಮಾರು ದಾಟಿ ಬಂದದ್ದು ಈ ಮೂರನೆಯ ಪಾಲು. 1972ರ ಬರದಲ್ಲಿ ಅದನ್ನು ತೆರೆದದ್ದು ನನಗೆ ಮಸುಕಾಗಿ ನೆನಪಿದೆ. ಓಣಿಯ ಹೆಂಗಸರು ಮೊರ ಹಿಡಿದು ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು. ಮುಂಬಾಗಿಲಿನಿಂದ ಬಂದರೆ ಕೇಳಲು ಬಂದಂತೆ ಆಗುತ್ತದೆಯೆಂದು ಹಾಗೆ ಅವ್ವನೇ ಏರ್ಪಾಡು ಮಾಡಿದ್ದಳು.

ಅವಳ ಮಾತಿನ ವಿಷಯಕ್ಕೆ ಬರುತ್ತೇನೆ. ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನದನ್ನು ತಿರುಳ್ಗನ್ನಡದ ನಾಡೆಂದು ಗುರುತಿಸಿತು. ಕೊಪಣವೆಂದರೆ ಇಂದಿನ ಕೊಪ್ಪಳ. ಮಾನ್ವಿ ಅದಕ್ಕೂ ಮೂಡಣಕ್ಕೆ, ಆ ಚೌಕಟ್ಟಿನಿಂದ ಹೊರಗೆ ಬೀಳುತ್ತದೆ. ನಾನು ಸಂಶೋಧನೆ ಮಾಡುತ್ತಿದ್ದ ದಿನಗಳಲ್ಲಿ ಅವ್ವನ ಅಡುಗೆಮನೆಯ ಪದಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆಯಲಾರಂಭಿಸಿದೆ. ಒಲೆ, ಒರಳು, ಮೊರ, ಹಿಟ್ಟು, ಹಾಲು, ಹುಳಿ, ಉಪ್ಪು ಇವು ಅಚ್ಚಗನ್ನಡ. ಇವುಗಳಲ್ಲಿ ಹಿಟ್ಟು, ಹಾಲು, ಹುಳಿಗಳು ಪಿಟ್ಟು, ಪಾಲ್, ಪುಳಿಗಳಿಂದ ಇಳಿದು ಬಂದವು. ಒಲೆಯಿಂದ ಎರಡು ಮಾರು ಆಚೆ ಸರಿದರೆ ಭಾಷೆ ಬದಲಾಗುತ್ತದೆ. ಬೆವರು ಒರೆಸಿಕೊಳ್ಳುವ ದಸ್ತಿ ಪಾರಸಿಯ ‘ದಸ್ತ್’ ಎಂಬ ಪದದಿಂದ ಬಂದದ್ದು. ಅಲ್ಲಿ ದಸ್ತ್ ಎಂದರೆ ಕೈ. ಸೀರೆ ಇಡುವ ಸಂದೂಕ ಅರಬ್ಬಿಯದು. ಬಂದವರಿಗೆ ಹಾಸುವ ಜಮಖಾನವೂ ಆ ಕಡೆಯದೇ. ಪಾತ್ರೆಗಳಿಗೆ ‘ಬಾಂಡೆ’ ಎನ್ನುವುದು ಮರಾಠಿಯ ನೆರೆಯಿಂದ. ಹಿಟ್ಟು ನಾದುವ ಪರಾತವನ್ನು ಪೋರ್ಚುಗೀಸಿನ ‘ಪ್ರಾತೊ’ ಎಂಬ ಪದದೊಡನೆ ಹೊಂದಿಸುತ್ತಾರೆ. ಸೊಂಟದ ಗೊಂಚಲಿನಲ್ಲಿ ಸದಾ ಸದ್ದು ಮಾಡುತ್ತಿದ್ದ ಚಾವಿಯಂತೂ ಪೋರ್ಚುಗೀಸಿನ ‘ಶಾವೆ’ಯೇ. ಮೆಣಸಿನಕಾಯಿ, ಶೇಂಗಾಗಳ ಬೆಳೆಗಳೇ ಅಮೆರಿಕ ಖಂಡದವು. ಪೋರ್ಚುಗೀಸರು ಬಂದ ಮೇಲೆ ಈ ಕಡೆಗೆ ಬಂದವು. ಶೇಂಗಾ ಹಿಂಡಿ ಇಲ್ಲದ ರೊಟ್ಟಿಯನ್ನು ಇಂದು ನಮ್ಮ ಸೀಮೆಯವರು ಊಹಿಸಿಕೊಳ್ಳಲಾರರು.

ದುಡ್ಡಿನ ಲೆಕ್ಕದಲ್ಲಿಯೂ ಹೀಗೆಯೇ. ‘ಹಾಲಿ’ ಎಂದರೆ ನಿಜಾಮರ ಹಾಲಿ ಸಿಕ್ಕಾ, ‘ಕಲ್ದಾರ’ ಎಂದರೆ ಇಂಗ್ಲಿಷರ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ ಎಂಬ ಲೆಕ್ಕ ಅವ್ವನ ಬಾಯಲ್ಲಿ ಕೊನೆಯವರೆಗೂ ಉಳಿದಿತ್ತು. ಯಾರಾದರೂ ಎರಡು ಮಾತು ಆಡುವವರಿದ್ದರೆ ಅವರನ್ನು ‘ಹಾಲಿ ತೋರಿಸಿ ಕಲ್ದಾರ ಕೇಳೋರು’ ಎಂದು ಬಣ್ಣಿಸುತ್ತಿದ್ದಳು. ರಾಜ್ಯಗಳು ಅಳಿದರೂ ಅವುಗಳ ನಾಣ್ಯ ಬೈಗುಳದಲ್ಲಿ ಚಲಾವಣೆಯಲ್ಲಿರುವುದನ್ನು ನಾಣ್ಯಶಾಸ್ತ್ರದವರು ಗಮನಿಸಿದಂತಿಲ್ಲ.

ಹಾಡಿನ ಬಗ್ಗೆಯೂ ಒಂದು ಮಾತು. ಮಾನ್ವಿ ಸೀಮೆ ದಾಸರ ಸೀಮೆ. ವಿಜಯದಾಸರ ಚೀಕಲಪರ್ವಿ ಈ ತಾಲೂಕಿನದು. ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲೂಕಿನದು. ಹರಿಕಥಾಮೃತಸಾರವನ್ನು ಭಾಮಿನಿ ಷಟ್ಪದಿಯಲ್ಲಿ ಬರೆದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದವರು. 1809ರಲ್ಲಿ ತೀರಿಕೊಂಡ ಅವರ ಸನ್ನಿಧಾನವನ್ನು ಭಕ್ತರು ಇಂದಿಗೂ ಮಾನ್ವಿಯಲ್ಲಿ ಒಂದು ಕಂಬದಲ್ಲಿ ಕಾಣುತ್ತಾರೆ, ಆ ಕಂಬಕ್ಕೇ ಪೂಜೆ ಸಲ್ಲುತ್ತದೆ. ನಮ್ಮ ಮನೆತನದ ಆಚಾರ ಬೇರೆ. ಆದರೂ ಬೀಸುವ ಕಲ್ಲಿನ ಮುಂದೆ ಅವ್ವನ ಬಾಯಿಂದ ದಾಸರ ಪದಗಳೇ ಬರುತ್ತಿದ್ದವು. ಕಲ್ಲು ಸುತ್ತುವ ಲಯಕ್ಕೆ ಹೊಂದುವ ಹಾಡು ಯಾರದಾದರೇನು ಎಂಬ ಉದಾರತೆ ಬೀಸುವವರಿಗೆ ಸಹಜವಾಗಿತ್ತು.

ಇಂತಹ ಅವ್ವ ಮಾನ್ವಿಗೆ ಐವತ್ತು ಕಿಲೋಮೀಟರಿನ ಒಳಗೇ ಇರುವ ರಾಯಚೂರಿಗೆ ದವಾಖಾನೆಗೆಂದು, ಮದುವೆಯ ಜವಳಿಗೆಂದು ಎಷ್ಟೋ ಸಲ ಹೋಗಿದ್ದಳು. ಕೋಟೆಯನ್ನು ನೋಡಿರಲಿಲ್ಲ, ನೋಡಲು ಬಿಡುವಾಗಿರಲಿಲ್ಲ. 2010ರ ಡಿಸೆಂಬರಿನಲ್ಲಿ, ಕಾಲೇಜಿಗೆ ರಜೆ ಇದ್ದ ಎರಡು ದಿನ, ನಾನೇ ಹಟಹಿಡಿದು ಕರೆದೊಯ್ದೆ. ದೀಪ ಹಚ್ಚುವವರು ಯಾರು, ಎಮ್ಮೆ ಹಿಂಡುವವರು ಯಾರು ಎಂಬ ಎರಡು ಆಕ್ಷೇಪಗಳಿಗೆ ಅತ್ತಿಗೆಯವರು ಹೊಣೆ ಹೊತ್ತ ಮೇಲೆ ಅವ್ವ ರೊಟ್ಟಿಯ ಗಂಟು ಕಟ್ಟಿಕೊಂಡು ಹೊರಟಳು. ನೀರಮಾನ್ವಿ, ಕಲ್ಲೂರು, ಕಲ್ಮಲಗಳ ದಾರಿ. ಕಿಟಕಿಯ ಆಚೆ ಕಣ್ಣು ಹಾಯುವವರೆಗೂ ಭತ್ತದ ಕೂಳೆ. ಅಲ್ಲಲ್ಲಿ ಅಕ್ಕಿ ಗಿರಣಿಗಳ ಹೊಗೆಕೊಳವೆಗಳು ಕಂಡವು.

ಬಸ್ ನಿಲ್ದಾಣದಿಂದ ಕೋಟೆ ದೂರವಿಲ್ಲ. ನಾನು ಮೊದಲು ತೋರಿಸಿದ್ದು ಆ ಪ್ರಸಿದ್ಧ ಶಾಸನದ ಕಲ್ಲನ್ನು. ನಲವತ್ತು ಅಡಿಗೂ ಮಿಕ್ಕ ಉದ್ದದ ಒಂದೇ ಕಲ್ಲು, ಗೋಡೆಯಲ್ಲಿ ಅಡ್ಡಲಾಗಿ ಕೂತಿದೆ. ಓರಂಗಲ್ಲಿನ ಕಾಕತೀಯರ ಅಧಿಕಾರಿ ಗೋರೆ ಗನ್ನಯ್ಯ ರೆಡ್ಡಿಯ ಅಪ್ಪಣೆಯಂತೆ ವಿಠ್ಠಲನೆಂಬವನು 1294ರಲ್ಲಿ ಈ ಕೋಟೆಯನ್ನು ಕಟ್ಟಿಸಿದನೆಂದು ತೆಲುಗಿನಲ್ಲಿ ಬರೆಸಿದ್ದಾರೆ. ಬರಹಕ್ಕಿಂತ ಸ್ವಾರಸ್ಯವಾದದ್ದು ಅದರೊಡನೆ ಕಂಡರಿಸಿದ ಚಿತ್ರ: ಇದೇ ಕಲ್ಲನ್ನು ಗಾಡಿಯ ಮೇಲೆ ಹೇರಿ ಕೋಣಗಳ ಸಾಲೊಂದು ಎಳೆಯುತ್ತಿದೆ, ಜನ ಸನಿಕೆ ಹಾಕಿ ಮೀಟುತ್ತಿದ್ದಾರೆ. ತನ್ನನ್ನು ಹೊತ್ತು ತಂದವರ ಚಿತ್ರವನ್ನು ತನ್ನ ಮೈಮೇಲೆ ಉಳಿಸಿಕೊಂಡ ಕಲ್ಲು ನಮ್ಮ ನಾಡಿನಲ್ಲಿ ವಿರಳ. ನಾನು ವಿಠ್ಠಲ, ಗನ್ನಯ್ಯ, ರುದ್ರಮದೇವಿ, ಪ್ರತಾಪರುದ್ರ ಎಂದು ಹೇಳುತ್ತಿದ್ದರೆ ಅವ್ವ ಕೋಣಗಳನ್ನು ಎಣಿಸಲು ನೋಡುತ್ತಿದ್ದಳು.

‘ಇಷ್ಟು ಕ್ವಾಣಕ್ಕ ಮೇವು ನೀರು ಯಾರು ನೋಡ್ಕ್ಯಂತಿದ್ರು, ಬರದಾರೇನು?’ ಎಂದಳು.

ಬರೆದಿಲ್ಲ ಎಂದೆ. ಅವಳು ಮತ್ತೆ ಕೇಳಲಿಲ್ಲ. ಬಾಲಾಹಿಸ್ಸಾರದ ಬೆಟ್ಟಕ್ಕೆ ಹತ್ತಲು ಅವಳ ಮೊಣಕಾಲು ಒಪ್ಪಲಿಲ್ಲ. ಕೆಳಗೆ ನೆರಳಿನಲ್ಲಿ ಕೂತು ರೊಟ್ಟಿಯ ಗಂಟು ಬಿಚ್ಚಿದಳು. ನಾನೊಬ್ಬಳೇ ಹತ್ತಿ, ತೋಪನ್ನೂ ಹಜಾರವನ್ನೂ ನೋಡಿ ಇಳಿದು ಬಂದಾಗ ಅವಳ ಎರಡನೆಯ ಪ್ರಶ್ನೆ ಸಿದ್ಧವಾಗಿತ್ತು.

‘ಕ್ವಾಟಿ ಏನೋ ಚೊಲೊ ಐತಿ. ಜ್ವಾಳ ಎಲ್ಲಿಡತಿದ್ರು? ನೀರು ಎಲ್ಲಿಂದ ತರತಿದ್ರು?’

ರಾಯಚೂರಿನ ಯುದ್ಧವನ್ನು ಇಪ್ಪತ್ತೈದು ವರ್ಷ ಪಾಠ ಹೇಳಿದವರು ಕೂಡ ಕೃಷ್ಣದೇವರಾಯನ ಆನೆ, ಕುದುರೆ, ಕಾಲಾಳುಗಳ ಲೆಕ್ಕ ಹೇಳುತ್ತಾರೆಯೇ ಹೊರತು ಈ ಎರಡು ಪ್ರಶ್ನೆಗಳನ್ನು ಎತ್ತುವುದಿಲ್ಲ. ಆದರೆ ಕುದುರೆ ವ್ಯಾಪಾರಿಯಾಗಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಫೆರ್ನಾವೊ ನೂನಿಜ್ ಈ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟಿದ್ದಾನೆ. ಅವನ ವೃತ್ತಾಂತವನ್ನು ರಾಬರ್ಟ್ ಸೂಯೆಲ್ 1900ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇಂಗ್ಲಿಷಿಗೆ ಬಂದ ರೂಪದಲ್ಲಿ ನಾವೆಲ್ಲ ಓದಿದವರೇ. ಅವನ ಪ್ರಕಾರ ರಾಯಚೂರು ಕೋಟೆಯ ಎತ್ತರದ ಜಾಗದಲ್ಲಿ ವರ್ಷವಿಡೀ ಬತ್ತದ ಒಂದು ಊಟೆ ಇತ್ತು. ಎತ್ತರದಲ್ಲಿದ್ದೂ ಬತ್ತದ ನೀರನ್ನು ಜನ ಪವಿತ್ರವೆಂದು ತಿಳಿದಿದ್ದರು. ಅದಲ್ಲದೆ ಬಾವಿಗಳು, ಕೆರೆಗಳು ಇದ್ದವು. ಎಂಟು ಸಾವಿರ ಕಾವಲಿನ ಜನಕ್ಕೆ ಐದು ವರ್ಷ ಸಾಕಾಗುವಷ್ಟು ದವಸ ಒಳಗಿತ್ತು. ಅವ್ವನ ಮುಟ್ಟದ ಪಾಲು ಒಂದೇ ವರ್ಷದ್ದು. ಆದಿಲಶಾಹಿಯ ಕಿಲ್ಲೇದಾರ ಐದು ವರ್ಷದ್ದನ್ನು ಇಟ್ಟಿದ್ದ.

ಹೊರಗಿನ ದಂಡಿನ ಸಂಸಾರವೂ ಸಣ್ಣದಲ್ಲ. ರಾಯರ ಪಾಳೆಯದಲ್ಲಿ ಬೇಕಾದದ್ದೆಲ್ಲ ಸಿಗುವ ಪೇಟೆ ಇತ್ತು, ಅಗಸರಿದ್ದರು, ಕುಶಲಕರ್ಮಿಗಳಿದ್ದರು. ಪಾಳೆಯವನ್ನು ನೋಡಿದವರಿಗೆ ಸಂಪನ್ನ ಪಟ್ಟಣದಲ್ಲಿದ್ದಂತೆ ತೋರುತ್ತಿತ್ತು ಎನ್ನುತ್ತಾನೆ ನೂನಿಜ್. ದಾರಿಯುದ್ದಕ್ಕೂ ಚರ್ಮದ ಚೀಲದಲ್ಲಿ ನೀರು ಹಿಡಿದು ನಿಂತವರು ಹನ್ನೆರಡು ಸಾವಿರ ಮಂದಿ. ಈ ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೆ ಅನುಪಾತವನ್ನು ನೋಡಬೇಕು. ಯುದ್ಧವೆಂದು ನಾವು ಓದುವುದರಲ್ಲಿ ಬಹುಪಾಲು ನೀರು ಹೊರುವುದು, ಬೇಯಿಸುವುದು, ಒಗೆಯುವುದು. ಕಾದಾಟಕ್ಕೆ ಸಂದದ್ದು ಕೆಲವು ಗಂಟೆಗಳು. ಸೂಯೆಲ್‌ನ ಗಣನೆಯಂತೆ 1520ರ ಮೇ 19ರಂದು ಇಸ್ಮಾಯಿಲ್ ಆದಿಲಶಾಹನ ಸೈನ್ಯ ಕೃಷ್ಣೆಯ ಕಡೆಗೆ ಹಿಮ್ಮೆಟ್ಟಿತು. ಬಳಿಕ ಕೋಟೆಯ ಗೋಡೆಯಿಂದ ಕಲ್ಲು ಕಿತ್ತು ತಂದವರಿಗೆ ಕಲ್ಲಿನ ಗಾತ್ರ ನೋಡಿ ಹಣ ಕೊಡುತ್ತಿದ್ದರಂತೆ, ದೊಡ್ಡ ಕಲ್ಲಿಗೆ ಐವತ್ತು ಹಣದವರೆಗೆ. ಕೊನೆಗೆ ಕ್ರಿಸ್ತೊವಾವ್ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಇಪ್ಪತ್ತು ಕೋವಿಕಾರರೂ ಗೋಡೆಯ ಮೇಲೆ ತಲೆ ತೋರಿದವರನ್ನು ಹೊಡೆಯತೊಡಗಿದರು. ಇಣುಕಿ ನೋಡಿದ ಕಿಲ್ಲೇದಾರನ ಹಣೆಗೆ ಗುಂಡು ಬಿತ್ತು. ಮರುದಿನ ಊರವರು ಕೈಯೆತ್ತಿ ಹೊರಬಂದರು. ಐದು ವರ್ಷದ ಜೋಳ ಕೋಟೆಯೊಳಗೇ ಉಳಿಯಿತು.

ಇದನ್ನು ಅಲ್ಲಿಯೇ ಅವ್ವನಿಗೆ ಹೇಳಿದೆ. ‘ಹಂಗಾರ ಆ ಜ್ವಾಳ ಯಾರು ಉಂಡ್ರು?’ ಎಂದಳು. ಶರಣಾದವರ ಆಸ್ತಿಪಾಸ್ತಿಯನ್ನು ಕಾಪಾಡುವುದಾಗಿ ರಾಯನು ಅಭಯ ಕೊಟ್ಟನೆಂದು ನೂನಿಜ್ ಬರೆಯುತ್ತಾನೆ. ಜೋಳದ ವಿಷಯ ಬರೆಯುವುದಿಲ್ಲ.

ಸಂಜೆ ಏಕ ಮಿನಾರ್ ಮಸೀದಿಗೆ ಹೋದೆವು. ಬಹಮನಿ ಸುಲ್ತಾನ ಮಹಮೂದ್ ಶಾಹನ ಕಾಲದಲ್ಲಿ, 1513ರಲ್ಲಿ ಕಟ್ಟಿದ್ದು. ಒಂದೇ ಮಿನಾರು, ಸುಮಾರು 65 ಅಡಿ ಎತ್ತರ. ರಾಯರು ಮುತ್ತಿಗೆ ಹಾಕಿದಾಗ ಅದಕ್ಕೆ ಏಳು ವರ್ಷ. ರೈಲು ನಿಲ್ದಾಣದ ಬಳಿ ಚಹಾ ಕುಡಿದೆವು. 1871ರಲ್ಲಿ ಬೊಂಬಾಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ ಕೂಡಿಕೊಂಡದ್ದು ಇಲ್ಲಿ; ಭಾರತದ ರೈಲ್ವೆಯ ಚರಿತ್ರೆಯಲ್ಲಿ ಅದೊಂದು ದೊಡ್ಡ ಘಟನೆ. ಅವ್ವನಿಗೆ ಅದರಲ್ಲಿ ಆಸಕ್ತಿ ಹುಟ್ಟಲಿಲ್ಲ. ಚಹಾಕ್ಕೆ ನೀರು ಹೆಚ್ಚಾಗಿದೆಯೆಂದಳು.

ಮರುದಿನ ದೇವದುರ್ಗದ ಬಸ್ಸು ಹಿಡಿದು ಗಬ್ಬೂರಿಗೆ ಹೋದೆವು. ಅಲ್ಲಿ ಹಳೆಯ ದೇಗುಲಗಳು ಬಹಳ, ಶಾಸನಗಳೂ ಬಹಳ. ಅವನ್ನು ಕುರಿತು ಬೇರೆಯೇ ಬರೆಯಬೇಕು. ಅವ್ವನಿಗೆ ಅದು ತವರಿನ ಸೀಮೆ. ದೇಗುಲವೊಂದರ ಕಟ್ಟೆಯ ಮೇಲೆ ಕೂತು, ನಾನು ಅದುವರೆಗೆ ಅರೆಬರೆ ಕೇಳಿದ್ದ ಒಂದು ಸಂಗತಿಯನ್ನು ಪೂರ್ತಿಯಾಗಿ ಹೇಳಿದಳು.

1948ರ ಬೇಸಿಗೆ. ರಜಾಕಾರರ ಹಾವಳಿಗೆ ಹೆದರಿ ಗಡಿಯ ಹಳ್ಳಿಗಳಿಂದ ಜನ ತುಂಗಭದ್ರೆ ದಾಟಿ ಮದರಾಸು ಪ್ರಾಂತಕ್ಕೆ ಹೋಗುತ್ತಿದ್ದ ಕಾಲ. ಅವ್ವನಿಗೆ ಒಂಬತ್ತು ವರ್ಷ. ಅವಳ ತಾಯಿ, ಎಂದರೆ ನನ್ನ ಅಜ್ಜಿ, ರಾತ್ರಿಯೆಲ್ಲ ಕೂತು ತಾಮ್ರ ಹಿತ್ತಾಳೆಯ ಬಾಂಡೆಗಳನ್ನು ಹಗೇವಿನ ಜೋಳದ ನಡುವೆ ಹೂತು, ಕಲ್ಲು ಮುಚ್ಚಿ, ಸಗಣಿ ಸಾರಿಸಿ, ಬೆಳಗಿನ ಜಾವ ಮಕ್ಕಳನ್ನು ಗಾಡಿಯಲ್ಲಿ ಕೂಡಿಸಿಕೊಂಡು ಆದವಾನಿಯ ಕಡೆಯ ನೆಂಟರಲ್ಲಿಗೆ ಹೋದಳು. ಹೋಗುವಾಗ ಗುಟ್ಟು ತಿಳಿಸಿದ್ದು ಗೋಡೆಗೆ ಗೋಡೆ ಹೊಂದಿದ ಮನೆಯ ಮುಸಲ್ಮಾನ ಹೆಂಗಸು ಒಬ್ಬಳಿಗೆ. ಬೀಗ ಹಾಕಿದ ಮನೆಯ ಪಡಸಾಲೆಯಲ್ಲಿ ಹಗೇವಿನ ಬಾಯಿ ಬಿರುಕು ಬಿಟ್ಟರೆ ನೋಡಿದವರಿಗೆ ಗೊತ್ತಾಗುತ್ತದೆ. ಆ ಹೆಂಗಸು ಹಿತ್ತಲಿನಿಂದ ಒಳಹೊಕ್ಕು ವಾರಕ್ಕೆ ಎರಡು ಸಲ ನೆಲ ಸಾರಿಸುತ್ತಿದ್ದಳಂತೆ. ನಾಲ್ಕು ತಿಂಗಳ ಬಳಿಕ, ಪೊಲೀಸ್ ಕಾರ್ಯಾಚರಣೆ ಮುಗಿದು ಇವರು ಹಿಂದಿರುಗಿದಾಗ ಜೋಳವೂ ಬಾಂಡೆಯೂ ಇಟ್ಟಂತೆಯೇ ಇದ್ದವು.

ಆದರೆ ಆ ಸೆಪ್ಟೆಂಬರಿನ ಬಳಿಕ ಕಾಲ ತಿರುಗಿತ್ತು. ಹೈದರಾಬಾದ್ ಸಂಸ್ಥಾನದ ಅನೇಕ ಕಡೆ ಮುಸಲ್ಮಾನರ ಮೇಲೆ ಹಲ್ಲೆ, ಲೂಟಿ, ಕೊಲೆಗಳಾದವು. ಭಾರತ ಸರಕಾರ ಕಳಿಸಿದ ಪಂಡಿತ ಸುಂದರಲಾಲರ ಸಮಿತಿ ಅದನ್ನು ವಿಚಾರಿಸಿ ವರದಿ ಕೊಟ್ಟಿತು; ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ ಜಿಲ್ಲೆಗಳು ಎಲ್ಲಕ್ಕಿಂತ ಹೆಚ್ಚು ನೊಂದವೆಂದು ಅದು ಹೇಳಿತು. ಆ ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ನೆರೆಮನೆಯವರು ಊರು ಬಿಟ್ಟು ಹೋಗುವ ರಾತ್ರಿ ಆ ಹೆಂಗಸು ತನ್ನ ಸಂದೂಕವನ್ನು ತಂದು ಅಜ್ಜಿಯ ಮುಂದೆ ಇಟ್ಟಳು. ಬಾಯಿ ಕಿರಿದಾದ ಹಗೇವಿನಲ್ಲಿ ಸಂದೂಕ ಇಳಿಯಲಿಲ್ಲ. ಅಜ್ಜಿ ಅದನ್ನು ಬಿಚ್ಚಿಸಿ, ಒಳಗಿನ ಬಟ್ಟೆಬರೆ, ಬೆಳ್ಳಿ, ಒಂದು ಗಂಟು ಕಾಗದಪತ್ರಗಳನ್ನು ಸೀರೆಯಲ್ಲಿ ಕಟ್ಟಿ ಜೋಳದೊಳಗೆ ಇಳಿಸಿದಳು. ಖಾಲಿ ಸಂದೂಕವನ್ನು ಅಟ್ಟಕ್ಕೆ ಏರಿಸಿದಳು. ಎರಡು ವರ್ಷ ಕಳೆದು ಅವರು ಬಂದು ಗಂಟನ್ನು ಒಯ್ದರು. ಸಂದೂಕವನ್ನು ಒಯ್ಯಲಿಲ್ಲ, ಹುಡುಗಿಯ ಮದುವೆಗೆ ಇರಲೆಂದು ಬಿಟ್ಟುಹೋದರು.

‘ನನ್ನ ಸಂದೂಕ ಅದ’ ಎಂದಳು ಅವ್ವ.

ನನ್ನ ನೋಟುಬುಕ್ಕಿನಲ್ಲಿ ‘ಸಂದೂಕ: ಅರಬ್ಬಿ ಮೂಲ, ಉರ್ದುವಿನ ಮೂಲಕ ಕನ್ನಡಕ್ಕೆ’ ಎಂದು ಬರೆದಿದ್ದೆ. ನಿಘಂಟಿನ ಮಟ್ಟಿಗೆ ಅದು ಸರಿಯೇ. ಆ ಸಂಜೆ ಅದರ ಕೆಳಗೆ ಇನ್ನು ನಾಲ್ಕು ಸಾಲು ಸೇರಿಸಿದೆ.

ಫಿರಿಶ್ತಾ ಹೇಳುವ ಮುದಗಲ್ಲಿನ ಅಕ್ಕಸಾಲಿಗನ ಮಗಳ ಕಥೆ ಈ ಸಂದರ್ಭದಲ್ಲಿ ನೆನಪಾಗುತ್ತದೆ. ದೇವರಾಯನು ಅವಳನ್ನು ಅರಮನೆಗೆ ಕರೆಸಿದನಂತೆ. ತಾಯಿತಂದೆಯರು ಒಪ್ಪಿದರೂ ಹುಡುಗಿ ಒಪ್ಪಲಿಲ್ಲ. ಅರಸನ ಅಂತಃಪುರ ಹೊಕ್ಕವರು ಮತ್ತೆ ತವರಿನವರ ಮುಖ ನೋಡುವಂತಿಲ್ಲ ಎಂಬುದು ಅವಳು ಕೊಟ್ಟ ಕಾರಣ. ಅವಳನ್ನು ಹಿಡಿತರಲು ರಾಯನು ದಂಡು ಕಳಿಸಿದ್ದರಿಂದಲೇ 1406ರಲ್ಲಿ ಫಿರೋಜ್ ಶಾಹ ಬಹಮನಿ ಯುದ್ಧಕ್ಕೆ ಹೊರಟನೆಂದು ಫಿರಿಶ್ತಾ ಬರೆದ. ಎರಡು ರಾಜ್ಯಗಳ ಯುದ್ಧಕ್ಕೆ ಇದೊಂದೇ ಕಾರಣವೆಂದು ನಂಬುವುದು ಕಷ್ಟ. ಆದರೆ ಎರಡು ನೂರು ವರ್ಷಗಳ ಬಳಿಕ ಬರೆದ ಚರಿತ್ರೆಕಾರನೂ ನಿರಾಕರಿಸುವ ಹೊತ್ತಿನಲ್ಲಿ ಆ ಹುಡುಗಿಯ ಬಾಯಲ್ಲಿ ಈ ಕಾರಣವನ್ನೇ ಇಟ್ಟನು ಎಂಬುದನ್ನು ಗಮನಿಸಬೇಕು. ಅಲ್ಲಿ ಅವನು ತವರಿನ ಹೊಸ್ತಿಲನ್ನು ಹೇಳಿದ.

ಕೋಟೆಗಳಿಗೆ ಆಗದ ಹಾನಿ ಹಗೇವಿಗೆ ನೀರಿನಿಂದ ಆಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳ ಮೂಲಕ ರಾಯಚೂರಿನತ್ತ ಹರಿಯಿತು. ಆಂಧ್ರದಿಂದ ಬಂದ ರೈತರು ‘ಕ್ಯಾಂಪು’ಗಳನ್ನು ಕಟ್ಟಿಕೊಂಡು ಭತ್ತ ಬೆಳೆಯಲು ನಿಂತರು, ಊರವರೂ ಕಲಿತರು. ನಮ್ಮ ಹೊಲವೂ ಗದ್ದೆಯಾಯಿತು. ಅಕ್ಕಿ ಹಬ್ಬದೂಟವಾಗಿದ್ದದ್ದು ದಿನದ ಊಟವಾಯಿತು. ಜೋಳವನ್ನು ಪೇಟೆಯಿಂದ ಕೊಂಡು ತರುವ ಕಾಲ ಬಂತು. ನೆಲದ ತೇವ ವರ್ಷ ವರ್ಷವೂ ಮೇಲೇರಿತು. 1980ರ ದಶಕದ ಒಂದು ಸುಗ್ಗಿಯಲ್ಲಿ ಹಗೇವು ತೆರೆದಾಗ ತಳದ ಎರಡು ಮೊಳ ಜೋಳ ಕಪ್ಪಾಗಿ ಹೆಪ್ಪುಗಟ್ಟಿತ್ತು. ದೀಪ ಆರದೆ ತಳ ಮುಟ್ಟಿತು, ಆದರೆ ತಳದಲ್ಲಿ ಒಸರು ನೀರು ಹೊಳೆಯಿತು. ಅಂದು ಅವ್ವ ಉಪವಾಸ ಮಾಡಿದಳೋ ಉಣ್ಣಲು ಮರೆತಳೋ ತಿಳಿಯದು. ಕಾಲುವೆಯನ್ನು ಅವಳು ಎಂದೂ ಬೈಯಲಿಲ್ಲ. ನನ್ನ ಓದಿನ ಖರ್ಚು ಭತ್ತದ ದುಡ್ಡಿನಿಂದ ಹುಟ್ಟಿತ್ತು. ಅದು ಅವಳಿಗೆ ಗೊತ್ತಿತ್ತು, ನನಗೂ ಗೊತ್ತಿದೆ. ಮುಟ್ಟದ ಪಾಲು ಮಾತ್ರ ನಿಲ್ಲಲಿಲ್ಲ. ತಗಡಿನ ಡಬ್ಬಿಗಳಲ್ಲಿ, ಬೇವಿನ ಎಲೆ ಹಾಕಿ, ಅಟ್ಟದ ಮೇಲೆ ಮುಂದುವರಿಯಿತು.

ಅವಳು 2019ರಲ್ಲಿ ತೀರಿಕೊಂಡಳು. ಎರಡು ವರ್ಷದ ಬಳಿಕ ಮನೆ ಪಾಲಾಯಿತು. ಮುಂಭಾಗದಲ್ಲಿ ಅಂಗಡಿಗಳನ್ನು ಕಟ್ಟಿಸುವುದೆಂದು ಅಣ್ಣಂದಿರು ನಿಶ್ಚಯಿಸಿದರು. ಮಾಳಿಗೆ ಸೋರುತ್ತಿತ್ತು, ತೊಲೆಗೆ ಗೆದ್ದಲು ಹತ್ತಿತ್ತು, ನಾನು ವಿರೋಧಿಸಲಿಲ್ಲ. ಪಡಸಾಲೆ ಕೆಡವುವ ಹಿಂದಿನ ದಿನ ಹೋಗಿ ಹಗೇವನ್ನು ಅಳೆದು ಬರೆದುಕೊಂಡೆ: ಬಾಯಿಯ ಅಗಲ ಒಂದು ಮುಕ್ಕಾಲು ಅಡಿ, ಹೊಟ್ಟೆಯ ಅಗಲ ಏಳು ಅಡಿ, ಆಳ ಒಂಬತ್ತು. ಒಳಗೋಡೆಯಲ್ಲಿ ದಂಟಿನ ಗುರುತು ಇನ್ನೂ ಅಚ್ಚಾಗಿತ್ತು. ಇಳಿಯುವ ಮೊದಲು ದೀಪ ಬಿಡಬೇಕೆಂದು ನಾನು ಹೇಳಿದಾಗ ಗೌಂಡಿ ನಕ್ಕು ಮೊಬೈಲಿನ ಬೆಳಕು ಹಾಕಲು ಹೋದ. ಮೊಬೈಲು ಆರುವುದಿಲ್ಲವಲ್ಲ ಎಂದು ಅತ್ತಿಗೆಯವರು ಅವನನ್ನು ತಡೆದು, ಹಣತೆ ತಂದು, ಹಗ್ಗ ಕಟ್ಟಿದರು.

ಮರುದಿನ ಮೂರು ಟ್ರ್ಯಾಕ್ಟರ್ ಮರಮ್ಮು ತುಂಬಿದ ಮೇಲೆ ಹಗೇವು ನೆಲದ ಸಮಕ್ಕೆ ಬಂತು. ಸಂದೂಕ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಈಗ ಆ ನೋಟುಬುಕ್ಕುಗಳಿವೆ. ಬಾಯಿಗಲ್ಲನ್ನು ನಾಲ್ಕು ಜನ ಸನಿಕೆ ಹಾಕಿ ಮೀಟಿ ಹಿತ್ತಲಿಗೆ ಉರುಳಿಸಿಕೊಂಡು ಹೋದರು. ಅತ್ತಿಗೆಯವರು ಅದರ ಮೇಲೆ ಬಟ್ಟೆ ಒಗೆಯುತ್ತಾರೆ.